ಅ ಅಂತ ಬರೆದವಳು

ತದಡಿ,
9 ಫೆಬ್ರವರಿ 2025

ಪ್ರೀತಿಯ ಮಾದೇವಿ,

ಹೇಗಿದ್ದೀಯೆ? ನಾನು ದೇವಿ, ನಿನ್ನ ಜೊತೆ ಅಳಿವೆಯ ಕೆಸರಿನಲ್ಲಿ ಬಳಚಿನ ಚಿಪ್ಪು ಹೆಕ್ಕುತ್ತಿದ್ದವಳು. ಮೂವತ್ತೆರಡು ವರ್ಷ ಸುಮ್ಮನಿದ್ದವಳು ಈಗ ಎಂತಕ್ಕೆ ಬರೆಯುತ್ತಾಳೆ ಎಂದು ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತದೆ. ಒಂದು ಕುತೂಹಲ ಹಿಡಿದುಬಿಟ್ಟಿದೆ ಮಾರಾಯ್ತಿ, ಬಿಡುತ್ತಿಲ್ಲ.

ಹೋದ ತಿಂಗಳು ಮಗಳು ಚಂದನಾ ಕುಮಟೆಯ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದವಳು, ಅಮ್ಮ, ನಿನ್ನ ಹಾಡನ್ನು ಯಾರೋ ಹಾಡಿದ್ದಾರೆ ನೋಡು ಎಂದು ಮೊಬೈಲು ಹಿಡಿದಳು. ಹೊನ್ನಾವರದಲ್ಲಿ ಕಾಲೇಜು ಓದುವ ಹುಡುಗಿ, ಹೆಸರು ಅಂಕಿತಾ. ಗಿಟಾರು ಬಾರಿಸಿಕೊಂಡು, ಸಾಕ್ಷರತಾ ಜಾಥಾದಲ್ಲಿ ನಾವಿಬ್ಬರೂ ಹಾಡುತ್ತಿದ್ದ ಬಳಚಿನ ಹಾಡನ್ನೇ ಹಾಡುತ್ತಿದ್ದಳು. ಮೊದಲ ಸಲ ಕೇಳಿದಾಗ ಸಿಟ್ಟೇ ಬಂತು. ಎಷ್ಟು ನಿಧಾನ! ಆ ಲಯದಲ್ಲಿ ಬಳಚು ಹೆಕ್ಕಿದರೆ ಬುಟ್ಟಿ ತುಂಬುವುದರೊಳಗೆ ಭರತದ ನೀರು ಏರಿ ಸೊಂಟ ಮುಟ್ಟೀತು.

ಆದರೂ ಕಿವಿ ಅಲ್ಲೇ ನಿಂತಿತು. ಮಾರನೆ ದಿನ ಪಕ್ಕದ ಮನೆಯ ತಿಮ್ಮಪ್ಪಣ್ಣನಲ್ಲಿಗೆ ಹೋದೆ. ಮೈಕ್ ಸೆಟ್ಟು ಬಾಡಿಗೆಗೆ ಕೊಡುವವನು, ಅವನ ಹತ್ತಿರ ಹಳೆ ಟೇಪ್‌ರೆಕಾರ್ಡರ್ ಇನ್ನೂ ಇದೆ. ಸಾಕ್ಷರತಾ ಆಂದೋಲನದವರು ಆಗ ಕುಮಟೆಯಲ್ಲಿ ನನ್ನಿಂದ ಹಾಡಿಸಿದ ಕ್ಯಾಸೆಟ್ ಹಾಕಿಸಿದೆ. ಒಂದು ಸಲ ಅದು, ಒಂದು ಸಲ ಮೊಬೈಲು. ಆರೇಳು ಸಲ ಹೀಗೇ ಆತು. ತಿಮ್ಮಪ್ಪಣ್ಣ ಚಾ ಕುಡಿಯಲು ಎದ್ದುಹೋದ. ಕ್ಯಾಸೆಟ್ಟಿನಲ್ಲಿ ಹಾರ್ಮೋನಿಯಂ ಮುಂದೆ ಓಡುತ್ತದೆ, ನಾನು ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತೇನೆ. ಹುಡುಗಿಯದರಲ್ಲಿ 'ಹಲಗೆ' ಅನ್ನುವಾಗ ದನಿ ಸ್ವಲ್ಪ ಬಾಗುತ್ತದೆ. ಆ ಬಾಗು ನನ್ನ ಗಂಟಲಿಗೆ ಎಂದೂ ಬರಲಿಲ್ಲ. ಅದು ನಿನ್ನದು.

ಮತ್ತೆ ಮೂರನೇ ಸಾಲು. ಅವಳು ಹಾಡಿದ್ದು ಹೀಗೆ:

ಬಳಚಿನ ಚಿಪ್ಪೇ ಬಳಪಾತು
ಕೆಸರೇ ನಮಗೆ ಹಲಗೆ
ಅ ಅಂತ ಬರೆದಳು ಮಾದಿ
ನೀರು ಬಂತು ಒಳಗೆ

ಕ್ಯಾಸೆಟ್ಟಿನಲ್ಲಿ ಇರುವುದು 'ಅ ಅಂತ ಬರೆದಳು ದೇವಿ'. ಹಾಡಿನ ಕೆಳಗೆ ಜನ ಆ ಹುಡುಗಿಯನ್ನು ಬಯ್ದು ಬರೆದಿದ್ದರು, ಮೂಲ ಹಾಡು ಗೊತ್ತಿಲ್ಲದೆ ಹಾಳು ಮಾಡಿದ್ದಾಳೆ ಎಂದು. ಚಂದನಾಳಿಗೆ ಅದನ್ನು ಓದಿ ಹೇಳುವಾಗ ಹೆಮ್ಮೆಯೋ ಹೆಮ್ಮೆ. ನಾನು ಮೀನು ಹೆಚ್ಚುತ್ತ ಕೂತಿದ್ದೆ. ನಾನು ನಿನ್ನನ್ನು ಕರೆಯುತ್ತಿದ್ದ ಮಾದಿ ಅನ್ನುವ ಹೆಸರು ಅವಳಿಗೆ ಹೇಗೆ ಸಿಕ್ಕಿತು? ಅದೊಂದೇ ತಲೆಯಲ್ಲಿ.

ಅದನ್ನು ಕೇಳಲಿಕ್ಕೆಂದೇ ಹೋದ ಭಾನುವಾರ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದೆ. ಚಂದನಾ ಜೊತೆಗೆ ಬಂದಳು. ನಾನು ಯಾರೆಂದು ತಿಳಿದದ್ದೇ ಅಂಕಿತಾ ಕಾಲಿಗೆ ಬಿದ್ದಳು. ತಾನು ಬೆಳಕೆ ಊರಿನ ಶಾಲೆಯಲ್ಲಿ ಓದಿದವಳು, ಅಲ್ಲಿ ಬಿಸಿಯೂಟ ಮಾಡುವ ಮಾದೇವಕ್ಕ ಅನ್ನ ಬಡಿಸುತ್ತ ಇದನ್ನು ಹಾಡುತ್ತಿದ್ದರು, ಕೇಳಿ ಕೇಳಿ ಬಾಯಿಗೆ ಬಂತು ಎಂದಳು. ಆಮೇಲೆ ಆ ಮಗು ಹೇಳಿದ್ದು ಕೇಳು. 'ಮಾದೇವಕ್ಕ ತಮ್ಮ ಹೆಸರು ಸೇರಿಸಿಕೊಂಡಿದ್ದು ನನಗೆ ಗೊತ್ತಿರಲಿಲ್ಲ ಅಮ್ಮ. ತಪ್ಪಾತು. ಬರುವ ವಾರ ಮೂಲದಲ್ಲಿ ಇದ್ದ ಹಾಗೇ ದೇವಿ ಅಂತ ಹಾಡಿ ಹಾಕುತ್ತೇನೆ.'

ಮಾದಿ, ನಾನು ಆಗ ಆತು ಎಂದು ಎದ್ದು ಬರಬಹುದಿತ್ತು. ಚಪ್ಪಲಿ ಮೆಟ್ಟಿಕೊಳ್ಳಲು ಕಾಲು ಮುಂದಾಗಿತ್ತು.

ಇಷ್ಟು ವರ್ಷ ಕೇಳಿದವರಿಗೆಲ್ಲ, ಹಾಡುವವಳ ಹೆಸರೇ ಇರಲಿ ಎಂದು ಸ್ಟುಡಿಯೋದವರು ಹೇಳಿದರು ಎನ್ನುತ್ತ ಬಂದಿದ್ದೇನೆ. ಯಾರೂ ಹಾಗೆ ಹೇಳಲಿಲ್ಲ. ಹಾಡು ಕಟ್ಟಿದವಳು ನೀನು. ರೆಕಾರ್ಡಿಂಗ್ ದಿನ ನೀನಿರಲಿಲ್ಲ. ಮಾದಿ ಎಂದರೂ ದೇವಿ ಎಂದರೂ ಅಳತೆ ಒಂದೇ, ತಾಳ ತಪ್ಪುವುದಿಲ್ಲ. ಬಾಯಿ ತೆರೆದಾಗ ನನ್ನ ಹೆಸರೇ ಬಂತು, ಬಂದದ್ದನ್ನು ತಿದ್ದಲಿಲ್ಲ. ಕ್ಯಾಸೆಟ್ ಹೊರಗೆ ಬಂದ ತಿಂಗಳೇ ನಿನ್ನ ಮದುವೆ ಆತು. ನನಗೆ ಮದುವೆಗೆ ಕರೆಯುವ ಹೇಳಿಕೆ ಬರಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಅಂಕಿತಾಳಿಗೆ ಹೇಳಿದೆ, ತಿದ್ದಬೇಡ ಮಗಾ, ತಪ್ಪಿರುವುದು ನನ್ನದರಲ್ಲಿ. ನೀನು ಹಾಡಿದ್ದೇ ಮೂಲ, ನನ್ನದೇ ಅನುಕರಣೆ. ಇದನ್ನು ಮೊಬೈಲಿನ ಎದುರಿಗೇ ಹೇಳಿದೆ, ಅವಳು ಹಾಡಿನ ಜೊತೆ ಹಾಕಿದ್ದಾಳೆ. ಈಗ ಬಯ್ಗುಳ ನನ್ನ ಕಡೆಗೆ ತಿರುಗಿದೆ. ಚಂದನಾ ಬಸ್ಸಿನಲ್ಲಿ ನನ್ನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತಳು, ಎರಡು ದಿನ ಮನೆಯಲ್ಲೂ ತಟ್ಟೆ ಹಿಡಿದು ಜಗಲಿಗೆ ಹೋಗಿ ಉಂಡಳು. ಮೂರನೆಯ ದಿನ ಹತ್ತಿರ ಬಂದು ಕೂತು, ಅವರು ನೋಡಲು ಹೇಗಿದ್ದರು ಅಮ್ಮ ಎಂದು ಕೇಳಿದಳು. ನಿನ್ನ ಓರೆ ಹಲ್ಲಿನ ಬಗ್ಗೆ ಹೇಳಿದೆ, ಸಿಟ್ಟಾಗಬೇಡ.

ಇನ್ನು ನನ್ನ ಕುತೂಹಲ. ನಾವು ಹಾಡುತ್ತಿದ್ದದ್ದು ಎರಡೇ ನುಡಿ. ಅಂಕಿತಾ ಮೂರು ಹಾಡುತ್ತಾಳೆ:

ಅಳಿಸಿದ ನೀರು ಇಳಿದ್ಹೋತು
ಮತ್ತೂ ಇದೆ ಹಲಗೆ
ಬಟ್ಟಲು ಹಿಡಿದ ಮಕ್ಕಳೆ ಬನ್ನಿ
ಅಕ್ಷರ ಇದೆ ಒಳಗೆ

ಇದನ್ನು ಯಾವಾಗ ಕಟ್ಟಿದೆ? ಒಲೆಯ ಮುಂದೆಯೋ, ಬಡಿಸುವಾಗಲೋ? ನಾಲ್ಕನೆಯದೂ ಇದೆಯಾ? ನಾನು ಮೂವತ್ತೆರಡು ವರ್ಷ ಎರಡು ನುಡಿಯನ್ನೇ ಹಾಡಿಕೊಂಡು ಕೂತೆ, ನಿನ್ನಲ್ಲಿ ಹಾಡು ಬೆಳೆಯುತ್ತಲೇ ಇತ್ತು. ಎಷ್ಟಿದೆಯೋ ಅಷ್ಟನ್ನೂ ಬರೆದು ಕಳಿಸು. ಬರೆಯಲು ಮನಸ್ಸಿಲ್ಲದಿದ್ದರೆ ಒಂದು ಮಾತು ಹೇಳಿ ಕಳಿಸು. ಬೆಳಕೆಗೆ ನಾನೇ ಬಂದು, ಮಕ್ಕಳ ಸಾಲಿನ ಕೊನೆಯಲ್ಲಿ ಕೂತು ಕೇಳುತ್ತೇನೆ.

ನಿನ್ನ,
ದೇವಿ

ತಾ.ಕ.: ರೆಕಾರ್ಡಿಂಗಿಗೆ ಕರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟಿದ್ದರು. 'ಮಾದೇವಿ ಮತ್ತು ದೇವಿ, ಇಬ್ಬರೂ ಬರಬೇಕು' ಎಂದಿತ್ತು. ಅದು ನಿನ್ನವರೆಗೆ ಬರಲೇ ಇಲ್ಲ. ಒಂದು ವರ್ಷ ಮೊದಲು, ಆಂದೋಲನದಲ್ಲಿ ಅಕ್ಷರ ಕಲಿಯುವ ಮುಂಚೆ ಆಗಿದ್ದರೆ, ಓದಲು ಬರುವುದಿಲ್ಲ, ಗೊತ್ತಾಗಲಿಲ್ಲ ಎನ್ನಬಹುದಿತ್ತು. ನಾನು ಅಕ್ಷರ ಕೂಡಿಸಿ ಕೂಡಿಸಿ ಎರಡು ಸಲ ಓದಿದ್ದೆ.