ಬಚ್ಚಲ ಕಟ್ಟೆಯ ಮೇಲಿನ ಕನಕಾಂಬರ

ಜಕ್ಕೂರು
7-2-2025, ಶುಕ್ರವಾರ

ಮಗಳು ಸರಳಾಗೆ,

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ರಾತ್ರಿ ನಿದ್ದೆ ಬರುತ್ತಾ? ಎಳನೀರು ಕುಡಿ, ಉಪ್ಪಿನಕಾಯಿ ಕಡಿಮೆ ಮಾಡು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನನ್ನ ಫೋನ್ ಬಂದ ಕೂಡಲೇ ನಿಮ್ಮತ್ತೆ ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ಅಲ್ಲಾಳಸಂದ್ರವೇನು ದೂರವಲ್ಲ, ನಡೆದೇ ಬರಬಹುದು. ಆದರೆ ಸೀಮಂತ ಆದಮೇಲೆ ಆ ಹೊಸಿಲು ತುಳಿಯಲು ನನಗೆ ಮನಸ್ಸಿಲ್ಲ. ಅದಕ್ಕೇ ಈ ಕಾಗದ. ನಮ್ಮ ಹೂವು ಕೊಂಡು ನಿಮ್ಮ ಬೀದಿಯಲ್ಲಿ ಮಾರುವ ಅಕ್ಬರಿ ಇದನ್ನು ನಿನ್ನ ಕೈಗೇ ಕೊಡುತ್ತಾಳೆ.

ನಾನು ಚೆನ್ನಾಗಿದ್ದೇನೆ. ಅಪಾರ್ಟ್‌ಮೆಂಟಿನವರ ಗೋಡೆಯ ನೆರಳು ಬಿದ್ದು ಹಿತ್ತಲಿನ ಬದನೆ, ಟೊಮೇಟೊ ಎಲ್ಲ ಹಾಳಾದವು. ಕನಕಾಂಬರಕ್ಕೆ ಮಾತ್ರ ಆ ಅರೆನೆರಳೇ ಹಿಡಿಸಿದೆ. ಹೋದ ತಿಂಗಳು ಬೇರಿಗೆ ಗಂಟುರೋಗ ಬಂದು ಒಂದು ಸಾಲು ಬಾಡಿತ್ತು, ಬೇವಿನ ಹಿಂಡಿ ಹಾಕಿ ಉಳಿಸಿಕೊಂಡೆ. ಒಣಗಿದ ತೆನೆಗೆ ನೀರು ಚಿಮುಕಿಸಿ, ಕಾಯಿ ಚಟಪಟ ಸಿಡಿದು ಬೀಜ ಹಾರುವುದನ್ನು ನೋಡುತ್ತಾ ನೀನು ಸ್ಕೂಲನ್ನೇ ಮರೆಯುತ್ತಿದ್ದೆ, ಕಳ್ಳಿ! ಈಗ ನಾನೊಬ್ಬಳೇ ಸಿಡಿಸಿ, ನಾನೊಬ್ಬಳೇ ಆರಿಸಿ, ಮಡಿಗೆ ಬಿತ್ತುತ್ತೇನೆ.

ಸೀಮಂತದ ವಿಷಯಕ್ಕೆ ಬರುತ್ತೇನೆ. ಬಸುರಿಯ ಮುಡಿಗೆ ತವರಿನ ಹೂವೇ ಆಗಬೇಕು ಅನ್ನುವುದು ನಮ್ಮ ಪದ್ಧತಿ. ಅವತ್ತು ಬೆಳಕು ಹರಿಯುವ ಮೊದಲೇ ಬಿಡಿಸಿ, ನಡುನಡುವೆ ಮರುಗ ಇಟ್ಟು, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ ತಂದೆ. ನಿಮ್ಮತ್ತೆ ಬಾಗಿಲಲ್ಲೇ, "ಬೇಜಾರ್ ಮಾಡ್ಕೋಬೇಡಿ ಬೀಗಿತ್ತಿ, ಗಂಡನ್ನ ಕಳ್ಕೊಂಡೋರು ಕಟ್ಟಿದ್ ಹೂವ ಇವತ್ತೊಂದಿನ ಬೇಡ" ಅಂದರು. ಆಯಿತು, ಅವರ ಬಾಯಿ ಅವರದು. ಆದರೆ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು ಹೋಗಿ ಬಚ್ಚಲ ಕಟ್ಟೆಯ ಮೇಲೆ ಇಟ್ಟವಳು ಯಾರು? ನೀನು. "ಅಮ್ಮಾ, ಸ್ವಲ್ಪ ಅಡುಗೆಮನೇಲಿ ಕೂತ್ಕೊಂಬಿಡು, ಫೋಟೋ ತೆಗೀತಾರೆ" ಅಂದವಳೂ ನೀನೇ. ನಿಮ್ಮಪ್ಪ ಸತ್ತಿದ್ದಕ್ಕೆ ನಾನೇನು ಮಾಡಲಿ ಹೇಳೇ? ಆ ಅಡುಗೆಮನೆಯಲ್ಲಿ ಕೂತು ನಾನು ಅಳಲಿಲ್ಲ. ಹೊಟ್ಟೆ ಉರಿಯಿತು ಅಷ್ಟೆ, ಇನ್ನೂ ಉರಿಯುತ್ತಿದೆ.

ಇನ್ನೊಂದು ಕೇಳು. ಆಮೇಲೆ ನಿಮ್ಮತ್ತೆ ಬೀದಿಯಲ್ಲಿ ಹೋಗುತ್ತಿದ್ದ ಅಕ್ಬರಿಯನ್ನೇ ಕೂಗಿ, ಅವಳ ಹತ್ತಿರ ಹೂವು ಕೊಂಡು ನಿನ್ನ ಜಡೆಗೆ ಮುಡಿಸಿದರಲ್ಲ, ಅದನ್ನು ಹಿಂದಿನ ಸಂಜೆ ಕಟ್ಟಿಕೊಟ್ಟವಳು ನಾನೇ. ಕನಕಾಂಬರ ಒಂದೆರಡು ದಿನ ಬಾಡುವುದಿಲ್ಲವಲ್ಲ, ತಾಜಾ ಇತ್ತು. ಅದೇ ಗಿಡ, ಇದೇ ಮುಂಡೆಯ ಕೈ. ಮುತ್ತೈದೆಯರೆಲ್ಲ "ಎಷ್ಟ್ ಲಕ್ಷಣವಾಗೈತೆ ಹೂವ" ಅಂತ ಮುಟ್ಟಿ ಮುಟ್ಟಿ ನೋಡಿದರು. ಅಕ್ಬರಿ ಅಡುಗೆಮನೆಯ ಕಿಟಕಿಯಿಂದ ನನ್ನ ಮುಖ ನೋಡಿದಳು, ಪಾಪ, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಶುಭಕಾರ್ಯದಲ್ಲಿ ನಿನ್ನ ಮುಖ ಸಣ್ಣದಾಗಬಾರದು ಅಂತ ನುಂಗಿಕೊಂಡೆ. ಈಗ ಹೆದರಬೇಡ, ಆ ಹೂವಿನಿಂದ ನಿನ್ನ ಮಗುವಿಗೆ ಏನೂ ಆಗುವುದಿಲ್ಲ.

ಅಳಿಯ ಬಾಲರಾಜನಿಗೆ ಆಶೀರ್ವಾದ ಹೇಳು. ನಿಮ್ಮತ್ತೆಗೆ ಏನೂ ಹೇಳಬೇಡ, ಅವರಿಗೆ ಕಳಿಸುವಷ್ಟು ಒಳ್ಳೆಯ ಮಾತು ನನ್ನ ಹತ್ತಿರ ಸದ್ಯಕ್ಕಿಲ್ಲ. ಹೊಟ್ಟೆಯಲ್ಲಿರುವ ಕಂದ ಸುಖವಾಗಿರಲಿ, ಅದರ ಮೇಲೆ ನನಗೆ ಕೋಪವಿಲ್ಲ.

ನಿನ್ನ ಹೆತ್ತಮ್ಮ,
ಗೋಪಾಲಮ್ಮ

ಮರೆತೆ ನೋಡು. ಅಕ್ಬರಿ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ. ಚೊಚ್ಚಲ ಹೆರಿಗೆಗೆ ತವರಿಗೇ ಬರುತ್ತೇನೆ ಅಂದಿದ್ದೆ ನೀನು. ಕೋಣೆಗೆ ಸುಣ್ಣ ಹೊಡೆಸಿದ್ದೇನೆ, ಹಳೇ ಸೀರೆಗಳನ್ನು ಒಗೆದು ಮಡಚಿಟ್ಟಿದ್ದೇನೆ. ಆದರೆ ತಿಳಿದುಕೊಂಡು ಬಾ: ಸೀಮಂತದ ಮಾರನೆಯ ದಿನದಿಂದ ಹೂವು ಬಿಡಿಸಿದಾಗಲೆಲ್ಲ ಮೊದಲ ಮಾಲೆಯನ್ನು ನಾನೇ ಮುಡಿಯುತ್ತಿದ್ದೇನೆ. ಬೀದಿಯವರು ಆಡಿಕೊಳ್ಳುತ್ತಿದ್ದಾರೆ, ಆಡಿಕೊಳ್ಳಲಿ. ನಿನಗೂ ಇದು ಅಪಶಕುನ ಅನ್ನಿಸಿದರೆ ಅತ್ತೆ ಮನೆಯಲ್ಲೇ ಹೆರು. ನಾನಂತೂ ಹೂವು ತೆಗೆಯುವುದಿಲ್ಲ.