ಗಾಬರಿಯಾಗಬೇಡಿ, ವಿಳಾಸ ಹೇಳಿ

ಮಾರ್ಚ್ ೯, ಭಾನುವಾರ

ಹೆತ್ತವಳ ಮೇಲೆ ಅರ್ಜಿ ಗೀಚಿದ ಮಗಳಿಗೆ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಆಶೀರ್ವಾದ ಮುಗಿಯಿತು.

ಹಾಸ್ಟೆಲಿಗೆ ಹೋದವಳು ಓದಿಕೊಂಡಿರಬೇಕಿತ್ತು. ಅದು ಬಿಟ್ಟು ನನ್ನ ಮೇಲ್ವಿಚಾರಕಿಗೆ ಎರಡು ಪುಟ ಬರೆದೆ. ಶುಕ್ರವಾರ ಅವರು ನನ್ನ ಹೆಡ್‌ಫೋನ್ ಕಳಚಿಸಿ, ಆಂಬುಲೆನ್ಸ್ ಕರೆ ತೆಗೆದುಕೊಳ್ಳುವ ಕುರ್ಚಿಯಿಂದ ಎಬ್ಬಿಸಿ, ಕಡತಗಳ ಕೋಣೆಯಲ್ಲಿ ಕೂರಿಸಿದರು. ಹದಿನಾಲ್ಕು ವರ್ಷ ಊರಿನ ಎದೆನೋವು, ಹೆರಿಗೆನೋವು ಎಲ್ಲ ಕಿವಿಯಲ್ಲಿ ಹೊತ್ತವಳು ಈಗ ಹಳೇ ಕಾಗದಕ್ಕೆ ತೂತು ಹೊಡೆಯುತ್ತಿದ್ದೇನೆ. ಮೂರು ವಾರ ರಜೆ ಹಾಕಿ, ಇಲ್ಲವೇ ನನಗೇನೂ ತೊಂದರೆಯಿಲ್ಲ ಅಂತ ಬರೆದುಕೊಡಿ ಎಂದಿದ್ದಾರೆ. ನಾಳೆ ಬರೆದುಕೊಡುತ್ತೇನೆ. ತಪ್ಪಾಗಿ ತಿಳಿದೆ ಅಂತ ನೀನೂ ಅವರಿಗೆ ನಾಲ್ಕು ಸಾಲು ಕಳಿಸು.

ಫೋನಿನಲ್ಲೇ ಬೈಯಬಹುದಿತ್ತು. ಮನೆಯಲ್ಲಿ ಫೋನ್ ಮುಟ್ಟಿದರೆ ಕೈ ಬೆವರುತ್ತದೆ. ಅದನ್ನೂ ನಿನ್ನ ಅರ್ಜಿಯ ಪಟ್ಟಿಗೆ ಸೇರಿಸಿಕೋ.

ಪಟ್ಟಿಯನ್ನೇನೋ ಓದಿದೆ. ಅಮ್ಮ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರಂತೆ. ನನ್ನ ಹಲ್ಲು ತಾನೇ, ನಿನ್ನದಲ್ಲವಲ್ಲ. ನಿಂತೇ ಉಣ್ಣುತ್ತಾರಂತೆ. ಕೂತು ಉಂಡವರೆಲ್ಲ ಏನು ಕಡಿದು ಕಟ್ಟೆ ಹಾಕಿದ್ದಾರೆ? ಕುಕ್ಕರ್ ಕೂಗಿದರೆ ಬೆಚ್ಚುತ್ತಾರಂತೆ. ನಿಮ್ಮಪ್ಪನ ಗೊರಕೆಗೇ ಬೆಚ್ಚದವಳು ನಾನು. ಅದು ಕುಕ್ಕರಿನದೇ ತಪ್ಪು.

ಒತ್ತಡ ಯಾಕೆ ಅಂತ ನನ್ನನ್ನು ಕೇಳಬೇಡ, ಕಚೇರಿಯನ್ನು ಕೇಳು. ಎಂಟು ಕುರ್ಚಿ, ಐದು ಜನ. ಒಂದು ಕರೆ ಮುಗಿದ ನಾಲ್ಕು ಸೆಕೆಂಡಿಗೆ ಇನ್ನೊಂದು. ಡಿಸೆಂಬರಿನಲ್ಲಿ ಒಬ್ಬ ತಂದೆ ಮಗುವಿನ ಎದೆ ಒತ್ತುತ್ತ, ನಾನು ಈ ಕಡೆಯಿಂದ ಎಣಿಸುತ್ತ, ಹನ್ನೊಂದು ನಿಮಿಷ. ಮಗು ಉಳಿಯಲಿಲ್ಲ. ನೀರು ಕುಡಿದು ಬರುತ್ತೇನೆ ಎಂದರೆ ಮೇಲ್ವಿಚಾರಕಿ ಗಡಿಯಾರ ನೋಡಿದರು. ಮುಂದಿನ ವಾರ ಒತ್ತಡ ನಿಭಾಯಿಸುವ ಪಾಠ ಹೇಳಲು ಒಬ್ಬರನ್ನು ಕರೆಸಿದರು, ಅದೂ ನಮ್ಮ ಊಟದ ಬಿಡುವಿನಲ್ಲಿ. ಕಣ್ಣು ಮುಚ್ಚಿ ಉಸಿರೆಳೆಯಿರಿ ಎಂದರು ಆ ಮಹಾಶಯರು. ನಾನು ಅಲ್ಲೇ ಪ್ರಾಸ ಕಟ್ಟಿದೆ:

ಉಸಿರನೆಳೆ, ಉಸಿರ ಬಿಡು,
ಊಟ ಬಿಡು, ನಿದ್ದೆ ಬಿಡು,
ರಜೆಯ ಮಾತು ಮೊದಲೆ ಬಿಡು.

ಪಕ್ಕದವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ.

ಇನ್ನು ಆ ಕರೆಯ ವಿಷಯ. ಜನವರಿ ರಜೆಗೆ ನೀನು ಬಂದಾಗ ಅಜ್ಜಿ ಬಚ್ಚಲಲ್ಲಿ ಜಾರಿದರು, ನೀನು ಆಂಬುಲೆನ್ಸಿಗೆ ಫೋನ್ ಮಾಡಿದೆ, ಐದು ಜನರಲ್ಲಿ ಅದು ನನ್ನ ಕಿವಿಗೇ ಬಂತು. ಅಮ್ಮ ನನ್ನ ದನಿ ಗುರುತಿಸಲಿಲ್ಲ ಅಂತ ಬರೆದಿದ್ದೀಯ. ಗುರುತಿಸಿದ್ದೆ ಕಣೇ, ಮೊದಲ ಮಾತಿಗೇ. ಕೆಲಸದಲ್ಲಿ ಮಗಳೂ ಒಂದೇ, ಮಂತ್ರಿಯೂ ಒಂದೇ. ನಿಯಮದಂತೆ ಬಹುವಚನದಲ್ಲಿ ಮಾತಾಡಿದೆ. ಗಾಡಿ ಒಂಬತ್ತು ನಿಮಿಷಕ್ಕೆ ಬಂತೋ ಇಲ್ಲವೋ? ಅಜ್ಜಿಯ ಕೈಮೂಳೆ ಕೂಡಿತೋ ಇಲ್ಲವೋ? ಇನ್ನೇನು ಬೇಕಿತ್ತು ನಿನಗೆ, ಲಾಲಿಹಾಡೇ?

ನಾಲ್ಕು ಸಾಲು. ಮರೆಯಬೇಡ.

ಕೋಪ ಇಳಿಯದ, ಕುರ್ಚಿ ಬಿಡದ
ನಿನ್ನ ಅಮ್ಮ

ಸೋಮವಾರ ಸಂಜೆ ಸೇರಿಸಿದ್ದು: ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಗುರುತಿಸಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು, ಬರೆಯುವಾಗಲೇ ಗೊತ್ತಿತ್ತು. ಎಷ್ಟು ದೊಡ್ಡ ಸುಳ್ಳು ಎಂಬುದು ಇಂದು ಮೇಲ್ವಿಚಾರಕಿ ಆ ಕರೆಯ ಧ್ವನಿಮುದ್ರಣ ಕೇಳಿಸಿದಾಗ ತಿಳಿಯಿತು. “ಅಮ್ಮಾ, ನಾನು ಕಣಮ್ಮ, ಅಜ್ಜಿ ಬಿದ್ಬಿಟ್ರು” ಎಂದು ನೀನು ಮೂರು ಸಲ ಹೇಳಿದ್ದೀಯ. “ಗಾಬರಿಯಾಗಬೇಡಿ, ವಿಳಾಸ ಹೇಳಿ” ಎಂದು ನಾನೂ ಮೂರು ಸಲ. ಇಪ್ಪತ್ತೆರಡು ವರ್ಷ ಬಾಳಿದ ಮನೆಯ ವಿಳಾಸ ಟೈಪ್ ಮಾಡಿಕೊಂಡು, ನೀರಿನ ಟ್ಯಾಂಕಿನ ಎಡಕ್ಕೋ ಬಲಕ್ಕೋ ಎಂದೂ ವಿಚಾರಿಸಿದ್ದೇನೆ. ನೀನು ಅಳುತ್ತಲೇ ಎಡಕ್ಕೆ ಎಂದೆ.

ನಿನ್ನ ನಾಲ್ಕು ಸಾಲು ಬೇಡ. ರಜೆಯ ಅರ್ಜಿಗೆ ಸಹಿ ಹಾಕಿದೆ. ಕಾರಣದ ಜಾಗದಲ್ಲಿ ಸ್ವಂತ ಕೆಲಸ ಅಂತ ಹಾಕಿಬಿಡಿ ಎಂದರು ಮೇಲ್ವಿಚಾರಕಿ. ಸ್ವಂತದ್ದಲ್ಲ, ನಿಮ್ಮದೇ ಕೆಲಸ ಎಂದೆ. ‘ಈ ಕುರ್ಚಿಯಲ್ಲಿ ಕೂತು ನನ್ನ ಮಗಳ ದನಿ ನನಗೆ ಗುರುತು ಸಿಗಲಿಲ್ಲ’ ಎಂದು ಬರೆದೆ. ಅಕ್ಷರ ಜಾಗ ಮೀರಿ ಅಂಚಿಗೆ ಹೋಯಿತು. ಹೊಡೆದುಹಾಕಿ ಬೇರೆ ಬರೆಯಿರಿ ಎಂದರು. ಬರೆಯಲಿಲ್ಲ.