ಇಲಿಗಳ ಮಾತು ನಂಬಿದ ಅಣ್ಣನಿಗೆ

ಪ್ರಯೋಗಾಲಯದ ಊಟದ ಕೋಣೆ
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೊಟ್ಟೆ ಹೇಗಿದೆ? ಬಾಯಿಮಾತಿಗೆ ಕೇಳುತ್ತಿಲ್ಲ, ನಿಜ ಹೇಳು. ಕರುಳಿನ ಉರಿ ಮತ್ತೆ ಕಾಣಿಸಿಕೊಂಡಿಲ್ಲ ತಾನೆ? ಅತ್ತಿಗೆ ಚೆನ್ನಾಗಿದ್ದಾರಾ? ನಾನು ಆರಾಮ ಎಂದು ಬರೆಯಲು ಮುಖವಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನೀನು "ಏನಮ್ಮಾ ಇಲಿ ಡಾಕ್ಟರೇ" ಎಂದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ.

ನಾರಿನ ಆಹಾರ ತಿಂದ ಇಲಿಗಳ ಕರುಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚಿ ಉರಿಯೂತ ಇಳಿಯಿತು ಎಂದು ಕುಣಿದಾಡುತ್ತ ಹೇಳಿದ್ದೆನಲ್ಲ, ಅದು ತಪ್ಪು. ನಾರು ತಿನ್ನುವವನ್ನೆಲ್ಲ ಒಂದೇ ಪಂಜರದಲ್ಲಿ, ಕೊಬ್ಬು ತಿನ್ನುವವನ್ನೆಲ್ಲ ಇನ್ನೊಂದರಲ್ಲಿ ಇಟ್ಟಿದ್ದೆ. ಆಹಾರ ಹಾಕಲು ಸುಲಭ ಅಂತ! ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ (ಊಟಕ್ಕೆ ಕುಳಿತಿದ್ದರೆ ಕ್ಷಮಿಸು), ಹಾಗಾಗಿ ಒಂದಕ್ಕಿರುವ ಬ್ಯಾಕ್ಟೀರಿಯಾ ಪಂಜರಕ್ಕೆಲ್ಲ ಹರಡುತ್ತದೆ. ಉರಿಯೂತ ಇಳಿದದ್ದು ನಾರಿನಿಂದಲೋ, ಪಂಜರದಿಂದಲೋ ಹೇಳುವಂತೆಯೇ ಇಲ್ಲ. ಈ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವ ಪಾಠವೇ ಇದು. ಈಗ ಒಂದೊಂದನ್ನೂ ಬೇರೆ ಬೇರೆ ಸಾಕಿ ನೋಡಿದೆ. ಆಹಾರದಿಂದ ಬ್ಯಾಕ್ಟೀರಿಯಾ ಬದಲಾಗುವುದು ನಿಜ; ಉರಿಯೂತ ಮಾತ್ರ ಒಂದಿಷ್ಟೂ ಇಳಿದಿಲ್ಲ. ನಮ್ಮ ಮೇಡಂ ಬೈಯಲೂ ಇಲ್ಲ, "ಊಟ ಆಯ್ತಾ?" ಎಂದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಇಲಿಗಳ ವಿಷಯ ಹಾಳಾಗಲಿ. ನನ್ನ ಮಾತು ಕಟ್ಟಿಕೊಂಡು ನೀನು ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟೆ. ಬರೀ ಕಾಳು, ಸೊಪ್ಪು ತಿಂದು "ನಿನ್ನ ಇಲಿಗಳೇ ನನ್ನನ್ನು ಉಳಿಸಿದವು" ಎಂದೆ. ಆಗಲೇ ತಡೆಯಬೇಕಿತ್ತು. ತಡೆಯುವುದಿರಲಿ, ಇಲ್ಲಿ ಎಲ್ಲರ ಮುಂದೆ ನಿನ್ನ ಕಥೆ ಹೇಳಿ ಜಂಬ ಕೊಚ್ಚಿಕೊಂಡೆ. ನೆನೆಸಿಕೊಂಡರೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ. ನಿನ್ನ ದಮ್ಮಯ್ಯ ಅಣ್ಣಾ, ಈ ಕಾಗದ ಮಡಿಸಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗು, ಮಾತ್ರೆ ಶುರುಮಾಡು.

ಅತ್ತಿಗೆಗೆ ನಮಸ್ಕಾರ. ನನಗೆ ಆಶೀರ್ವಾದ ಮಾಡುವುದಿದ್ದರೆ ಬೈದು ಮುಗಿಸಿದ ಮೇಲೆ ಮಾಡು.

ನಿನ್ನ ತಂಗಿ

ತಾ.ಕ.: ಕಾಗದ ತಲುಪುವವರೆಗೆ ಕಾಯುವ ಧೈರ್ಯವಾಗದೆ ಈಗಷ್ಟೇ ಅತ್ತಿಗೆಗೆ ಫೋನ್ ಮಾಡಿದೆ. ಅವರು, "ನಿಮ್ಮಣ್ಣ ಮಾತ್ರೆ ಬಿಟ್ಟೇ ಇಲ್ಲ ಕಣೆ. ಡಾಕ್ಟರನ್ನ ಕೇಳ್ಕೊಂಡು ದಿನಾ ಪುಡಿ ಮಾಡಿ ಸೊಪ್ಪಿಗೆ ಬೆರೆಸ್ತಿದೀನಿ. ನಿಮ್ಮಿಬ್ಬರ ಖುಷಿ ನೋಡಿ ಹೇಳೋಕೆ ಮನಸ್ಸು ಬರಲಿಲ್ಲ" ಎಂದರು. ನಿನಗೆ ತಿಳಿಸಬೇಡ ಎಂದೂ ಹೇಳಿದರು, ನನ್ನಿಂದ ಆಗದು. ನಿನ್ನ ಹೊಟ್ಟೆ ಕಾಯ್ದವರು ಅವರು, ಹೊಗಳಿಸಿಕೊಂಡವಳು ನಾನು. ಅವರ ಮೇಲೆ ರೇಗಬೇಡ, ಅಣ್ಣಾ.